ಹರಿಹರ ಲೈನಿನ ಮಾಲತೇಶಪ್ಪ

ಬೆಂಗಳೂರಿನ ಕಂಪನಿಯೊಂದರ ಕುಂಕುಮ, ಕರ್ಪೂರ, ಊದುಬತ್ತಿಯ ಏಜೆನ್ಸಿ ನನ್ನದು. ಗೋದಾಮು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ. ಹರಿಹರದ ಲೈನು, ಅಂದರೆ ಆ ಕಡೆಯ ಹಳ್ಳಿ ಅಂಗಡಿಗಳ ಸುತ್ತು, ನೋಡುತ್ತಿದ್ದವನು ಮಾಲತೇಶಪ್ಪ. ಕಂಪನಿಗೆ ದುಡಿಯುತ್ತಿದ್ದ, ಆದರೆ ಕಂಪನಿಯವನಲ್ಲ. ಖಾಯಂ ಮಾಡುತ್ತೇವೆ ಎಂಬ ಮಾತನ್ನು ನಂಬಿ ಮೀಸೆ ನರೆಯುವವರೆಗೆ ಕಾದಿದ್ದ. ಲೂನಾ ಏರಿ ಸಾರಥಿ, ಕಡರನಾಯಕನಹಳ್ಳಿ ಮುಂತಾದ ಊರುಗಳನ್ನು ಸುತ್ತುವನು. ಅಂಗಡಿಯವರ ಎಮ್ಮೆ ಈದದ್ದು, ಸೊಸೆ ಮುನಿದದ್ದು ಎಲ್ಲ ವಿಚಾರಿಸಿ, ಚಹಾ ಕುಡಿದು, ಆಮೇಲೆ ಸರಕಿನ ಮಾತು ತೆಗೆಯುವನು. ನೀನು ಮಾರುವುದಕ್ಕಿಂತ ಕುಡಿಯುವುದೇ ಜಾಸ್ತಿ ಎಂದು ನಾನು ಚುಚ್ಚಿದರೆ, "ಚಹಾ ಕೊಟ್ಟೋರು ಆರ್ಡರ್ ಕೊಡದೆ ಕಳಿಸ್ತಾರೇನ್ರಿ ಸಾವ್ಕಾರ್ರೆ?" ಅನ್ನುವನು. ಮಾತು ಸುಳ್ಳಾಗಿರಲಿಲ್ಲ.

ತೊಂಬತ್ತೊಂಬತ್ತರಲ್ಲಿ ಕಂಪನಿ ಸೇಲ್ಸ್‌ಮನ್‌ಗಳಿಗೆ ಕೈಮಷೀನು ಕೊಟ್ಟಿತು. ಜೋಡಣೆಗೆ ಬೆಂಗಳೂರಿನಿಂದ ಅಂಜನಕುಮಾರ ಎಂಬ ಇಂಜಿನಿಯರ್ ಬಂದ. ಅಂಗಡಿಯಲ್ಲಿ ಒತ್ತಿದ್ದನ್ನು ಸಂಜೆ ಗೋದಾಮಿನ ಕಂಪ್ಯೂಟರಿಗೆ ಸಿಕ್ಕಿಸಿದರೆ ಟೆಲಿಫೋನ್ ತಂತಿ ಕಿರುಚಿಕೊಂಡು ಬೆಂಗಳೂರಿನ ದೊಡ್ಡ ಕಂಪ್ಯೂಟರಿಗೆ ಮುಟ್ಟಿಸುವುದು. ಯಾವ ಲೈನಿಗೆ ಎಷ್ಟು ಸರಕು ಎಂದು ಇನ್ನು ಅದೇ ತೀರ್ಮಾನಿಸುವುದು. ಅಂದರೆ ನನ್ನ ಬುದ್ಧಿಗೂ ರಜೆ. ಮಷೀನಿಗೆ ಕನ್ನಡ ಬಾರದ್ದರಿಂದ ಅಂಗಡಿಯಲ್ಲಿ ಸರಕು ಎಷ್ಟಿದೆ ಎಂದು ತಿಳಿಸುವ ಗುಂಡಿಗಳ ಮೇಲೆ ಅಂಜನಕುಮಾರ ಚೀಟಿ ಅಂಟಿಸಿದ: ಇಲ್ಲ, ಇದೆ, ಹೆಚ್ಚು. ಇಬ್ಬರು ಸೇಲ್ಸ್‌ಮನ್‌ಗಳಲ್ಲಿ ಒಬ್ಬನೇ ಖಾಯಂ, ಅದು ಯಾರೆಂದು ದೀಪಾವಳಿ ತಿಂಗಳ ಮಾರಾಟದ ಲೆಕ್ಕ ಹೇಳುತ್ತದೆ ಎಂದೂ ತಿಳಿಸಿದ.

ಪೇಟೆಯ ಲೈನಿನ ಕೊಟ್ಟೂರೇಶನಿಗೆ ತೊಡಕಾಗಲಿಲ್ಲ. ಅಲ್ಲಿಯ ಅಂಗಡಿಯವರು 'ಸ್ಟಾಕ್ ನಿಲ್' ಅನ್ನುವವರು. ಇಂಗ್ಲಿಷಿನಲ್ಲಿ ಕುಂಕುಮ ಮುಗಿದರೆ ಅಪಶಕುನವಿಲ್ಲ. ಹಳ್ಳಿಯಲ್ಲಿ ಅಂಗಡಿ ನಡೆಸುವ ಹೆಣ್ಣುಮಕ್ಕಳು ಸತ್ತರೂ ಕುಂಕುಮ ಇಲ್ಲ ಅನ್ನರು. ಡಬ್ಬಿ ಬರಿದಾದರೆ ಹೆಚ್ಚೈತೆ ಅನ್ನುತ್ತಾರೆ. ಮಾಲತೇಶಪ್ಪನೂ ಹಾಗೇ ಬೆಳೆದವನು. ಬರಿದಾದ ಅಂಗಡಿಗೆಲ್ಲ 'ಹೆಚ್ಚು' ಒತ್ತುತ್ತ ಬಂದ.

"ಬೆಂಗಳೂರಿನೋರು ಮಷೀನಿಗೂ ಒಳ್ಳೇ ಮಾತು ಕಲಿಸ್ಯಾರ್ರಿ" ಎಂದು ನನ್ನೆದುರು ಹೊಗಳಿದ.

ಹರಿಹರದ ಕಡೆ ಕುಂಕುಮ ಉಕ್ಕಿ ಹರಿಯುತ್ತಿದೆ ಎಂದು ದೊಡ್ಡ ಕಂಪ್ಯೂಟರ್ ತಿಳಿಯಿತು. ಆ ಲೈನಿಗೆ ಸರಕು ನಿಂತಿತು. ಲಾರಿ ತಡ ಇರಬೇಕೆಂದು ಮಾಲತೇಶಪ್ಪ ಎಲ್ಲರಿಗೂ ಸಮಾಧಾನ ಹೇಳಿದ, ಮತ್ತೆ 'ಹೆಚ್ಚು' ಒತ್ತಿದ.

ತಿಂಗಳ ಕೊನೆಗೆ ಸಾರಥಿಯ ಅಂಗಡಿಯ ಮರುಳಸಿದ್ದಮ್ಮ ಬಸ್ಸು ಹತ್ತಿ ಗೋದಾಮಿಗೇ ಬಂದಳು. ಮಾಲತೇಶಪ್ಪನೂ ಅಂಜನಕುಮಾರನೂ ಅಲ್ಲೇ ಇದ್ದರು.

"ಕುಂಕುಮ ಹೆಚ್ಚೈತೆ, ಹೆಚ್ಚೈತೆ ಅಂತ ಎಷ್ಟು ಸರ್ತಿ ಹೇಳ್ಲೋ ಮಾಲತೇಶಿ? ಹಬ್ಬದಾಗ ಗಿರಾಕಿಗೆ ಏನು ಕೊಡ್ಲಿ?"

ಅಂಜನಕುಮಾರ ನಕ್ಕ. "ಹೆಚ್ಚಿದ್ರೆ ಮತ್ತೆ ಯಾಕಮ್ಮ ಕೇಳ್ತೀರಾ?"

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಮನ್ಯಾಗ ಹೆಣ್ಮಕ್ಕಳಿಲ್ಲೇನಪ್ಪ?"

ಅವನ ನಗು ಅಲ್ಲೇ ಆರಿತು. ಎಲ್ಲ ಅಂಗಡಿಗೂ ಈಗಲೇ 'ಇಲ್ಲ' ಒತ್ತಿ, ಇವತ್ತೇ ಕಳಿಸೋಣ ಎಂದ.

"ಊರಿಗೂರೇ ಕುಂಕುಮ ಇಲ್ಲ ಅಂತ ನನ್ನ ಕೈಲಿ ಒತ್ತಿಸ್ತೀರೇನ್ರಿ?" ಎಂದ ಮಾಲತೇಶಪ್ಪ.

"ಖಾಯಂ ಬೇಕೋ ಬ್ಯಾಡೋ, ಅದನ್ನ ಹೇಳು" ಅಂದೆ ನಾನು.

ಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತತೊಡಗಿದ. ತನ್ನ ಅಂಗಡಿಯ ಸರದಿ ಬಂದಾಗ ಮರುಳಸಿದ್ದಮ್ಮ ತಲೆ ತುಂಬ ಸೆರಗು ಹೊದ್ದು ಹೊರಗೆ ಹೋಗಿ ನಿಂತಳು. ಅವನು ಅದನ್ನೂ ಒತ್ತಿದ.

ಬೆಂಗಳೂರಿನ ಉತ್ತರ ಚುಟುಕಾಗಿತ್ತು. ಈ ತಿಂಗಳ ಲೆಕ್ಕ ಮುಚ್ಚಿದೆ, ತಿದ್ದುಪಡಿ ಮುಂದಿನ ತಿಂಗಳಿಗೆ. ಮುಂದಿನ ತಿಂಗಳಿನಿಂದ ಎರಡೂ ಲೈನು ಕೊಟ್ಟೂರೇಶನವು. ಖಾಯಂ ಆದವನು ಅವನೇ. ಹರಿಹರಕ್ಕೆ ಸರಕು ನಿಂತದ್ದಕ್ಕೆ ಕಾರಣ 'ಬಳಸಿದವನ ತಪ್ಪು' ಎಂದು ಅಂಜನಕುಮಾರ ಬರೆದು ಕಳಿಸಿ, 'ಹೆಚ್ಚು' ಚೀಟಿ ಕಿತ್ತು 'ಜಾಸ್ತಿ' ಎಂಬ ಹೊಸ ಚೀಟಿ ಅಂಟಿಸಿದ.

ತಿದ್ದುಪಡಿಯನ್ನು ಕಂಪ್ಯೂಟರ್ ಚೆನ್ನಾಗಿಯೇ ನಂಬಿತು. ಹರಿಹರದ ಲೈನಿಗೆಂದೇ ಲಾರಿ ತುಂಬಿ ಬಂತು. ಆ ಮಾರಾಟವೆಲ್ಲ ಕೊಟ್ಟೂರೇಶನ ಹೆಸರಿಗೆ ಏರಿ, ವರ್ಷದ ಒಳ್ಳೆಯ ಸೇಲ್ಸ್‌ಮನ್ ಎಂದು ಕಂಪನಿ ಅವನಿಗೆ ಶಾಲು ಹೊದಿಸಿತು. ನಾನೂ ಚಪ್ಪಾಳೆ ತಟ್ಟಿದೆ. ಯಾರ ಹೆಸರಿನಲ್ಲಿ ಹೋದರೂ ನನ್ನ ಕಮಿಷನ್ ಅಷ್ಟೇ.

ಆ ಲಾರಿ ಬಂದಾಗ ಕೊಟ್ಟೂರೇಶನಿಗೆ ಹಳ್ಳಿಯ ದಾರಿಯೇ ಗೊತ್ತಿರಲಿಲ್ಲ. ತೋರಿಸಿ ಬಾ ಎಂದು ಮಾಲತೇಶಪ್ಪನಿಗೆ ನಾನೇ ಹೇಳಿದೆ. ಅವನು ಲೂನಾ ಓಡಿಸಿದ. ಕೊಟ್ಟೂರೇಶ ಹಿಂದೆ ಕುಳಿತು, ಮಷೀನನ್ನು ಅವನ ಬೆನ್ನಿಗೆ ಆನಿಸಿಕೊಂಡು, ಅವನು ಹೇಳಿಕೊಟ್ಟ ಅಂಗಡಿಗಳ ಹೆಸರು ಒತ್ತುತ್ತ ಹೋದ.