ವೆನಿಲಾ ಕೊಡಿಸಿದ ಗಾಡಿ

ಹೊಸ ಗಾಡಿ ಶೋರೂಮಿನ ಬಾಗಿಲು ದಾಟಿದ್ದೇ ಅದರ ಬೆಲೆ ಇಳಿಯುತ್ತದಂತೆ. ಮದುವೆ ಮಂಟಪ ದಾಟಿದ ಗಂಡಿನದೂ ಇದೇ ಕತೆ ಎನ್ನುವುದು ನನ್ನ ಹೆಂಡತಿ ಸಾವಿತ್ರಿಯ ಅಭಿಪ್ರಾಯ. ಅದರ ಚರ್ಚೆ ಇಲ್ಲಿ ಬೇಡ.

ಶಿರಸಿಯಲ್ಲಿ ಸ್ಕೂಟರ್ ಏರಿ ಕೋರ್ಟಿಗೆ ಹೋಗುತ್ತಿದ್ದ ವಕೀಲ ನಾನು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ವೆನಿಲಾಕ್ಕೆ ಹುಚ್ಚು ಬೆಲೆ ಬಂತು. ಮಂಚಿಕೇರಿಯ ನಮ್ಮ ಜಮೀನಿನಲ್ಲಿ ತಮಾಷೆಗೆ ಹಬ್ಬಿಸಿದ್ದ ಬಳ್ಳಿ, ಚರ್ಮದ ಸೀಟಿನ ವಿದೇಶಿ ಗಾಡಿಯೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿತು. ಗಾಡಿ ಅನ್ನುವುದಕ್ಕಿಂತ ಅದನ್ನು ಚಕ್ರವಿರುವ ಬಂಗಲೆ ಅನ್ನಬಹುದಿತ್ತು. ನಮ್ಮ ಗೇಟಿನೊಳಗೆ ಅದು ಹಿಡಿಸಲಿಲ್ಲ. ಗೇಟು ಒಡೆಸಿದೆವು.

ಆಮೇಲೆ ತಿಳಿಯಿತು, ಅದನ್ನು ಕೊಂಡರೆ ಮುಗಿಯುವುದಿಲ್ಲ, ಸಾಕಬೇಕು ಎಂದು. ಅದರ ಆಯಿಲ್ ಬದಲಿಸಲಿಕ್ಕೂ ಹುಬ್ಬಳ್ಳಿಗೇ ಹೋಗಬೇಕು. ಒಮ್ಮೆ ಇಲಿಯೊಂದು ಬಾನೆಟ್ಟಿನೊಳಗೆ ಸಂಸಾರ ಹೂಡಿ ವೈರು ಕಡಿಯಿತು. ಆ ರಿಪೇರಿಯ ದುಡ್ಡಿನಲ್ಲಿ ಇಲಿಗೇ ಒಂದು ಸ್ಕೂಟರ್ ಕೊಡಿಸಬಹುದಿತ್ತು. ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಗಾಡಿ ಬಂದ ಮೇಲೆ ತರಕಾರಿಯವಳು ಸಾವಿತ್ರಿಗೆ ಕೊಸರು ಕೊತ್ತಂಬರಿ ಹಾಕುವುದನ್ನೇ ಬಿಟ್ಟಳು. ಊರಿನ ಸಂಘಗಳೆಲ್ಲ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿ, ಭಾಷಣಕ್ಕೆ ಮೊದಲೇ ರಸೀದಿ ಪುಸ್ತಕ ತೆರೆದವು. ಗಾಡಿಯ ಬೆಲೆ ವರ್ಷದಿಂದ ವರ್ಷಕ್ಕೆ ಕರಗುವುದಕ್ಕೆ ಕಾನೂನಿನಲ್ಲಿ ಸವಕಳಿ ಎಂಬ ಗಂಭೀರ ಹೆಸರಿದೆ. ಯಂತ್ರ ಸವೆದರೆ ತೆರಿಗೆಯಲ್ಲಿ ರಿಯಾಯಿತಿ ಉಂಟು, ಒಡೆಯ ಸವೆದರೆ ಇಲ್ಲ.

ಅಷ್ಟರಲ್ಲಿ ವೆನಿಲಾ ಬೆಲೆ ಬಿದ್ದುಹೋಯಿತು. ಗಾಡಿ ಮಾರೋಣ ಅಂದುಕೊಂಡ ವಾರವೇ ಮಗಳು ಸುಮನಾಳಿಗೆ ಭೈರುಂಬೆ ಕಡೆಯಿಂದ ಸಂಬಂಧ ಬಂತು. ಹುಡುಗ ಪಶುವೈದ್ಯ, ಒಳ್ಳೆಯ ಮನೆತನ. ಯಲ್ಲಾಪುರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಸುಮನಾಳಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಗಾಡಿ ನೋಡಿಯೇ ಬಂದವರಿರಬೇಕು, ಮದುವೆಯವರೆಗೆ ಅದು ಅಂಗಳ ಬಿಟ್ಟು ಕದಲಬಾರದು ಎಂದು ನಾನೂ ಸಾವಿತ್ರಿಯೂ ಒಪ್ಪಂದ ಮಾಡಿಕೊಂಡೆವು. ಡೀಸೆಲ್ ಹಾಕಿಸಲು ಕೈ ಬಾರದೆ ದಿನಾ ಬೆಳಿಗ್ಗೆ ಅದನ್ನು ಒರೆಸಿ ಮಾತ್ರ ಇಡುತ್ತಿದ್ದೆ.

ಮಾತುಕತೆಗೆಂದು ಬಂದ ಹುಡುಗನ ತಂದೆ ಬಾಗಿಲಲ್ಲೇ ನಿಂತು ಗಾಡಿಯನ್ನು ಬಹಳ ಹೊತ್ತು ನೋಡಿದರು. ನಾನು ಅದರ ಗುಣಗಾನ ಶುರುಮಾಡಿದ್ದೆ. ಪಾನಕ ತಂದ ಸುಮನಾ ಲೋಟ ಕೊಡುತ್ತಲೇ ಹೇಳಿಬಿಟ್ಟಳು:

“ಮಾವ, ಈ ಗಾಡಿ ಇನ್ನು ಹೆಚ್ಚು ದಿನ ಇರ್ತಿಲ್ಲೆ. ಅಪ್ಪಯ್ಯಂಗೆ ಸಾಕಲೆ ಆಗ್ತಿಲ್ಲೆ.”

ಸಾವಿತ್ರಿ ಕಂಬ ಹಿಡಿದುಕೊಂಡಳು. ಹುಡುಗನ ತಂದೆ ಪಾನಕ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

“ಒಳ್ಳೇದಾತು ತಂಗಿ. ಇಂಥ ಗಾಡಿಯವಕ್ಕೆ ಎಂಗ್ಳ ಮನೆ ಹಿಡಿಸ್ತೋ ಇಲ್ಯೋ ಹೇಳಿ ಹೆದರಿಕೆ ಆಗಿತ್ತು.”

ಗಾಡಿಯ ಸುದ್ದಿ ಕೇಳಿದ ಮೇಲೆ, ಈ ಸಂಬಂಧ ಬೇಡ ಎಂದು ಹೇಳಿ ಕಳಿಸುವುದೆಂದೇ ಹಿಂದಿನ ದಿನ ಅವರ ಮನೆಯಲ್ಲಿ ತೀರ್ಮಾನವಾಗಿತ್ತಂತೆ. ಮಗ ಹಟ ಹಿಡಿದದ್ದಕ್ಕೆ ಒಮ್ಮೆ ಕಣ್ಣಾರೆ ನೋಡಿಹೋಗೋಣ ಎಂದು ಬಂದಿದ್ದರು.

ಮದುವೆಗೆ ಮೊದಲೇ ಗಾಡಿಯನ್ನು ಹುಬ್ಬಳ್ಳಿಯಲ್ಲಿ ಮಾರಿದೆವು. ಕೊಂಡವನು ಹೇಳಿದ ಬೆಲೆ ಕೇಳಿದಾಗ, ಅವನು ಬರೀ ಟೈರಿಗೆ ಹೇಳುತ್ತಿದ್ದಾನೆ ಅಂದುಕೊಂಡಿದ್ದೆ. ವಾಪಸಾಗಲು ಶಿರಸಿ ಬಸ್ಸು ಹತ್ತಿದೆವು. ಆ ಗಾಡಿಯಲ್ಲಿ ಕುಳಿತಷ್ಟು ಕಾಲವೂ ಸಾವಿತ್ರಿ ಎಲ್ಲಿ ಗೀರು ಬಿದ್ದೀತೋ ಎಂದು ಕಣ್ಣು ಮಿಟುಕಿಸದೆ ರಸ್ತೆ ಕಾಯುತ್ತಿದ್ದಳು. ಬಸ್ಸು ಊರು ದಾಟುವುದರೊಳಗೆ ನನ್ನ ಹೆಗಲಿಗೆ ಒರಗಿ, ಬಾಯಿ ತೆರೆದು ನಿದ್ದೆ ಹೋದಳು. ಗೊರಕೆಯೂ ಬಂತು. ಕಂಡಕ್ಟರ್ ಟಿಕೆಟಿಗೆ ಬಂದಾಗ, ಅವಳನ್ನು ಎಬ್ಬಿಸಬೇಡ ಎಂದು ಕೈಸನ್ನೆ ಮಾಡಿ ಇಬ್ಬರದೂ ನಾನೇ ತೆಗೆದುಕೊಂಡೆ.