ಒಗೆಯುವ ಕಲ್ಲಿನ ಬಳಿ ಮಾತ್ರ ಕಾಣುವ ಜಾಹೀರಾತು

ನನಗೆ ಹೆಣ್ಣು ಸಿಗದಿದ್ದದ್ದು ಜಾತಕದ ದೋಷದಿಂದಲ್ಲ, ಕೆಲಸದ ದೋಷದಿಂದ. ಕೆಲಸ ಇತ್ತು. ಆದರೆ ಅದು ಎಂಥ ಕೆಲಸವೆಂದು ವರ್ಕಾಡಿಯಲ್ಲಿ ಯಾರಿಗೂ ಹೇಳಿ ತಿಳಿಸಲು ಆಗುತ್ತಿರಲಿಲ್ಲ. ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು, ಜನ ನೆಟ್‌ನಲ್ಲಿ ಹುಡುಕುವಾಗ ಅವುಗಳ ಜಾಹೀರಾತು ಎಲ್ಲಕ್ಕಿಂತ ಮೇಲೆ ಕಾಣುವಂತೆ ಮಾಡುವುದು ನನ್ನ ಕಸುಬು. ಹೆಣ್ಣಿನ ಕಡೆಯವರು ಇದನ್ನೆಲ್ಲ ಕೇಳಿಸಿಕೊಂಡು, ಅದು ಸರಿ, ಹಗಲಿಗೆ ಎಂತ ಮಾಡುವುದು ಎಂದು ಕೇಳುತ್ತಿದ್ದರು. ಗಲ್ಫಿನಲ್ಲಿ ಒಂಟೆ ಮೇಯಿಸುತ್ತೇನೆ ಎಂದಿದ್ದರೂ ನನ್ನ ಮದುವೆ ಆಗಿಬಿಡುತ್ತಿತ್ತು.

ಅಮ್ಮನಿಗೂ ನನ್ನ ಕೆಲಸದ ಮೇಲೆ ನಂಬಿಕೆ ಇರಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆ ಇದ್ದ ಜಾಗ. ಊರು ಕೇರಳದ್ದು, ಕರ್ನಾಟಕದ ಗಡಿ ಅಲ್ಲೇ ಪಕ್ಕದಲ್ಲಿ. ಜಗಲಿಯಲ್ಲಿ ಕೂತರೆ ಫೋನು ಕರ್ನಾಟಕದ ಟವರು ಹಿಡಿಯುತ್ತಿತ್ತು, ನಮ್ಮದೇ ಮನೆಯಲ್ಲಿ ನಮಗೆ ಕರ್ನಾಟಕಕ್ಕೆ ಸ್ವಾಗತ ಎಂಬ ಮೆಸೇಜು ಬರುತ್ತಿತ್ತು. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬಳಿ ಮಾತ್ರ ಕೇರಳದ ಟವರು. ಯಾವ ರಾಜ್ಯದ ಟವರು ಹಿಡಿದಿದೆಯೋ ಆ ರಾಜ್ಯದ ಜಾಹೀರಾತು ಫೋನಿನಲ್ಲಿ ಬರುತ್ತಿತ್ತು. ನನ್ನ ಗಿರಾಕಿಗಳೆಲ್ಲ ಕಾಸರಗೋಡಿನ ಕಡೆಯವರಾದ್ದರಿಂದ, ಅವರ ಜಾಹೀರಾತು ಬರುತ್ತದೋ ಇಲ್ಲವೋ ಎಂದು ನೋಡಲು ನಾನು ಬೆಳಿಗ್ಗೆಯೆಲ್ಲ ಆ ಕಲ್ಲಿನ ಮೇಲೆ ಕೂರುತ್ತಿದ್ದೆ. ಅಮ್ಮ ಬಕೆಟ್ ಹಿಡಿದು ಕಾಯುತ್ತಿದ್ದಳು. ಓದಿಸಿದ್ದೆಲ್ಲ ದಂಡ ಎಂದು ನನಗೆ ಕೇಳುವ ಹಾಗೆ ಬಟ್ಟೆಗಳ ಹತ್ತಿರ ಹೇಳುತ್ತಿದ್ದಳು.

ಕೊನೆಗೆ ಮಧೂರಿನ ಕಡೆಯ ಒಂದು ಸಂಬಂಧ ಕೂಡಿಬರುವ ಹಾಗೆ ಕಂಡಿತು. ಹುಡುಗಿಯನ್ನು ನಾನು ನೋಡಿದ್ದೆ. ಎಷ್ಟು ಹಿಡಿಸಿದ್ದಳೆಂದರೆ, ಇದು ತಪ್ಪಿದರೆ ನಾನು ಜಗಲಿಯಲ್ಲೇ ಕೂತು ಅಳುವುದು ಖಂಡಿತವಿತ್ತು. ಅವಳ ಅಪ್ಪನಿಗೆ ಹಾರ್ಡ್‌ವೇರ್ ಅಂಗಡಿ. ಮನೆ ನೋಡಲು ಇಬ್ಬರು ನೆಂಟರೊಂದಿಗೆ ಬಂದರು. ಬೆಲ್ಲ, ನೀರು ತೆಗೆದುಕೊಂಡು, ಕಿಸೆಯಿಂದ ಫೋನು ತೆಗೆದು, ನಿಮ್ಮ ಕೆಲಸ ಎಲ್ಲಿ ಉಂಟು, ತೋರಿಸಿ ಎಂದರು.

ಮದುವೆ ಊಟಕ್ಕೆ ಪಾತ್ರೆ ಬಾಡಿಗೆ ಕೊಡುವವರನ್ನು ಹುಡುಕಿ ನೋಡಿ ಎಂದೆ. ಆ ಅಂಗಡಿಯವರು ನನ್ನ ಅತಿ ದೊಡ್ಡ ಗಿರಾಕಿ. ಹುಡುಗಿಯ ಅಪ್ಪ ಅಕ್ಷರಕ್ಕೊಮ್ಮೆ ಕನ್ನಡಕ ಸರಿಮಾಡಿಕೊಂಡು ಟೈಪ್ ಮಾಡಿದರು. ಮೇಲೆ ಬಂದದ್ದು ಮಂಗಳೂರಿನ ಯಾವನೋ ಶಾಮಿಯಾನದವನು. ನಮ್ಮ ಪಾತ್ರೆಯವರು ಮೇಲೂ ಇಲ್ಲ, ಕೆಳಗೂ ಇಲ್ಲ. ಇದು ಟವರಿನ ತೊಂದರೆ ಎಂದು ನಾನು ತೊದಲಿದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅವರು ನೆಂಟರ ಮುಖ ನೋಡಿದರು.

ನನಗೆ ಮಾನದ ಆಸೆ ಹೋಯಿತು. ದಯವಿಟ್ಟು ಹಿತ್ತಿಲಿಗೆ ಬನ್ನಿ ಎಂದು ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಅಡ್ಡ ನಿಂತು ಪಿಸುಗುಟ್ಟಿದಳು: "ಬಂದವರನ್ನು ಒಗೆಯುವ ಕಲ್ಲಿಗೆ ಕರ್ಕೊಂಡು ಹೋಗುವುದುಂಟಾ ಮಾರಾಯ?" ಹೆಣ್ಣಿನ ಅಪ್ಪ ಹಗ್ಗದಲ್ಲಿ ಒಣಗಲು ಹಾಕಿದ್ದ ನನ್ನ ತೂತುಬಿದ್ದ ಬನಿಯನ್ನುಗಳ ಅಡಿಯಲ್ಲಿ ತಲೆ ತಗ್ಗಿಸಿ ದಾಟಿದರು.

ಕಲ್ಲಿನ ಬಳಿ ಹುಡುಕಿದರೆ ಮೊದಲಿಗೇ ನಮ್ಮ ಪಾತ್ರೆಯವರು. ಹುಡುಗಿಯ ಅಪ್ಪ ದನದ ಹಟ್ಟಿಯ ಕಡೆಗೆ ಸರಿದು ಪುನಃ ಹುಡುಕಿದರು. ಮಂಗಳೂರಿನವನು. ಕಲ್ಲಿಗೆ ಬಂದರು. ಪಾತ್ರೆ. ನೆಂಟರನ್ನೂ ಕರೆದರು. ಮೂವರು ಹಿರಿಯರು ಬಿಳಿ ಮುಂಡು ಎತ್ತಿ ಕಟ್ಟಿ, ಫೋನು ಹಿಡಿದು ಕಲ್ಲಿಗೂ ಹಟ್ಟಿಗೂ ಓಡಾಡಿದರು. ದನ ಮೇವು ಬಿಟ್ಟು ನೋಡಿತು. ಒಳಗೆ ಪಾಯಸ ಆರುತ್ತಿತ್ತು.

ಆಮೇಲೆ ಹುಡುಗಿಯ ಅಪ್ಪ, ಗಡಿಯ ಆಚೆ ಕಡೆ ಯಾಕೆ ಕಾಣುವುದಿಲ್ಲ ಎಂದು ಗಂಭೀರವಾಗಿ ಕೇಳಿದರು. ಪಾತ್ರೆಯವರು ತಮ್ಮ ಕೊಪ್ಪರಿಗೆಗಳನ್ನು ತಲಪಾಡಿಯ ಗಡಿ ದಾಟಿಸುವವರಲ್ಲ, ಜಾಹೀರಾತನ್ನು ಯಾರು ಒತ್ತಿದರೂ ಪಾತ್ರೆಯವರ ಹಣ ಹೋಗುತ್ತದೆ, ಹಾಗಾಗಿ ಆಚೆಯವರಿಗೆ ಕಾಣದಂತೆ ಇಟ್ಟಿದ್ದೇನೆ ಎಂದೆ.

"ಕಾಣದ ಹಾಗೆ ಮಾಡಿದ್ದೂ ನೀವೇಯಾ?"

ಹೌದೆಂದೆ. ಅವರು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ತಾವು ಅಂಗಡಿ ತೆರೆದಾಗ ಮಂಗಳೂರಿನವರೆಗೂ ನೋಟೀಸು ಅಂಟಿಸಿ ಬಂದದ್ದು, ಅಲ್ಲಿಂದ ಒಂದು ಮೊಳೆಗೂ ಯಾರೂ ಬಾರದ್ದು, ಎಲ್ಲ ಹೇಳಿಕೊಂಡರು. ಆಮೇಲೆ ನೆಂಟರ ಕಡೆ ತಿರುಗಿದರು.

"ತೋರಿಸ್ಲಿಕ್ಕೆ ಯಾರಿಗೂ ಆಗ್ತದೆ. ಬೇಡದವರಿಗೆ ತೋರಿಸದೆ ಇರ್ಲಿಕ್ಕೆ ಬುದ್ಧಿ ಬೇಕು. ಇವ ಮನೆ ನಡೆಸ್ತಾನೆ."

ಮದುವೆ ಆಯಿತು. ಪಾತ್ರೆ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಹೆಂಡತಿ ನಮ್ಮ ಮನೆಗೆ ಬಂದ ಮರುದಿನ ಬೆಳಿಗ್ಗೆ ನೇರ ಹಿತ್ತಿಲಿಗೆ ಹೋಗಿ, ಕಲ್ಲಿನ ಬಳಿ ನಿಂತು ಫೋನು ನೋಡಿದಳು. ಅಪ್ಪ ಹೇಳಿದ್ದು ನಿಜವೇ ಎಂದು ತಲೆಯಾಡಿಸಿ, ಬಟ್ಟೆ ತುಂಬಿದ ಬಕೆಟನ್ನು ನನ್ನ ಮುಂದೆ ತಂದಿಟ್ಟಳು.

"ಹೇಗೂ ಇಲ್ಲೇ ಕೂರುವವರಲ್ಲವಾ?"

ಅಂದಿನಿಂದ ನಮ್ಮ ಮನೆಯ ಬಟ್ಟೆ ಒಗೆಯುವುದು ನಾನೇ. ಮಗ ಎಂತ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅಮ್ಮ ಈಗ ತಡವರಿಸುವುದಿಲ್ಲ. ಬಟ್ಟೆ ಒಗೆಯುತ್ತಾನೆ ಎನ್ನುತ್ತಾಳೆ, ಕೇಳಿದವರಿಗೆ ಕೂಡಲೇ ಅರ್ಥವಾಗುತ್ತದೆ.