ಎಣಿಸಲು ಬಿಟ್ಟ ಸೊಪ್ಪು

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು. ನಿವೃತ್ತಿಯಾಯಿತಲ್ಲ, ಇನ್ನು ಚಿಂತಾಮಣಿಯ ಮನೆಯಲ್ಲಿ ಕೂತು ಧಾರಾವಾಹಿ ನೋಡು ಎಂದರೆ ನನ್ನ ಕೈಲಾಗದು. ಪುಣ್ಯಕ್ಕೆ ಒಂದು ಕೆಲಸ ತಾನಾಗಿ ಹುಡುಕಿಕೊಂಡು ಬಂತು. ಗೌರಿಬಿದನೂರಿನ ದಾರಿಯಲ್ಲಿ ಕಲ್ಲು ತೆಗೆದು ಬಿಟ್ಟಿದ್ದ ಕ್ವಾರಿಯೊಂದನ್ನು ಮುಚ್ಚಿ ಮಣ್ಣು ಹರಡಿದ್ದರು. ಅಲ್ಲಿ ಗಿಡಗಳು ತಾವಾಗಿ ಹುಟ್ಟುತ್ತಿವೆಯೇ ಎಂದು ತಿಂಗಳಿಗೊಮ್ಮೆ ಎಣಿಸಿ ಗಣಿ ಇಲಾಖೆಗೆ ಬರೆದುಕೊಡಬೇಕು. ದಾರ ಕಟ್ಟಿ, ಮೀಟರಗಲದ ಹತ್ತು ಚೌಕ ಮಾಡಿಕೊಂಡೆ.

ಆ ಚೌಕಗಳಿಗೆ ಮೇಕೆ ಬಾಯಿ ಹಾಕದಂತೆ ಕಾಯುತ್ತಿದ್ದವಳು ಕ್ವಾರಿಯ ಕೆಳಗಿನ ಮನೆಯಾಕೆ. ನೆಲ ಚಿಗುರಲಿಲ್ಲವೆಂದಾದರೆ ಅಲ್ಲಿ ಪೇಟೆಯ ಕಸ ಸುರಿಯುವುದೆಂದು ಮಾತಾಗಿತ್ತು. ಅವಳ ಬಾವಿ ಇಳಿಜಾರಿನ ಬುಡದಲ್ಲೇ ಇತ್ತು. "ಒಂದೆಲೆ ಮುಟ್ಟೋಕೆ ಬಿಡಲ್ಲ ಮೇಡಂ, ನನ್ನ ಮೇಕೇನೇ ಬಂದ್ರೂ ಕಾಲು ಮುರೀತೀನಿ" ಎಂದಿದ್ದಳು. ಮೂರು ಮಳೆಗಾಲ ಹಾಗೇ ಕಾದಳು.

ಕೊನೆಯ ಪರೀಕ್ಷೆಗೆ ಇಲಾಖೆಯ ಅಧಿಕಾರಿ ಬರುವ ದಿನ ನಾನು ಬೇಗನೆ ಬಸ್ಸಿಳಿದು ಹೋದೆ. ನೋಡುತ್ತೇನೆ, ಮೊದಲನೆಯ ಚೌಕ ಬೋಳು. ಎರಡನೆಯದೂ ಬೋಳು. ಹತ್ತಕ್ಕೆ ಹತ್ತೂ ಬೋಳು! ಅವಳ ಮನೆ ಕಡೆಯಿಂದ ಬೆಳ್ಳುಳ್ಳಿ ಒಗ್ಗರಣೆ ಘಮ್ಮೆಂದಿತು.

"ಏನೇ ಮಾಡಿದ್ದೀಯ?"

"ಬೆರಕೆ ಸೊಪ್ಪಿನ ಸಾರು ಮೇಡಂ" ಎಂದಳು ನಗುನಗುತ್ತ. "ಸಾಹೇಬ್ರು ಅಷ್ಟು ದೂರದಿಂದ ಬರ್ತಾರೆ, ಮುದ್ದೆ ಇಕ್ಕಬೇಕಲ್ವಾ? ಮೇಕೆ ಬಾಯಿ ಹಾಕಿರೋ ಸೊಪ್ಪು ಕೊಡೋಕಾಗುತ್ತಾ? ನಿಮ್ಮ ದಾರದೊಳಗಿಂದು ಎಳೇದಾಗಿ ಚೆನ್ನಾಗಿತ್ತು."

ಮಳೆ ಬಿದ್ದ ಮೇಲೆ ಬದುಗಳನ್ನೆಲ್ಲ ಸುತ್ತಿ, ತಾನಾಗಿ ಹುಟ್ಟಿದ ಹತ್ತು ತರದ ಸೊಪ್ಪು ಚಿವುಟಿ ಸಾರು ಮಾಡುವುದು ನಮ್ಮ ಕಡೆಯ ಪದ್ಧತಿ. ಬಂದವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಅದೆಲ್ಲ ನನಗೂ ಗೊತ್ತು, ಆದರೆ ತಲೆ ಕೆಟ್ಟುಹೋಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತಲ್ಲ!

"ಅಯ್ಯೋ ನಿನ್ನ! ಎಣಿಸೋಕೆ ಬಿಟ್ಟಿದ್ದನ್ನ ಬೇಯಿಸಿಬಿಟ್ಟೆಯಲ್ಲೇ! ನಿನ್ನ ಬಾವಿಗೆ ನೀನೇ ಕಸ ಸುರ್ಕೊಂಡೆ ಕಣೇ!" ಎಂದು ಕೂಗಾಡಿದೆ.

ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ, ಎಂತ ಪನಿ ಚೇಸ್ತಿನಿ! ಎಂಥ ಕೆಲಸ ಮಾಡ್ಬಿಟ್ಟೆ!" ಎಂದು ತೆಲುಗಿಗೂ ಕನ್ನಡಕ್ಕೂ ತಡಕಾಡಿದಳು.

ಅಷ್ಟರಲ್ಲಿ ಅಧಿಕಾರಿಯ ಜೀಪು ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಚೌಕದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ, "ಬೇರು ಕಿತ್ತಿಲ್ಲ ಮೇಡಂ, ಚಿವುಟಿದ್ದಾರೆ ಅಷ್ಟೇ" ಎಂದರು. ನಿಜವೇ, ಬುಡಗಳು ಹಸಿಯಾಗಿ ನಿಂತಿದ್ದವು. ನನ್ನ ಮೂವತ್ತು ವರ್ಷದ ಜೀವಶಾಸ್ತ್ರ ಸಿಟ್ಟಿನಲ್ಲಿ ಎಲ್ಲಿ ಹೋಗಿತ್ತೋ!

ಎಣಿಸಲು ಕೂತೆವು. ಎಲೆಯಿಲ್ಲದ ಬುಡ ನೋಡಿ ಹೆಸರು ಹೇಳುವುದು ನನ್ನಿಂದಾಗಲಿಲ್ಲ. ಅವಳೇ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ, "ಇದು ಅಣ್ಣೆ, ಇದು ಗೋಣಿ, ಇದು ಕೊಮ್ಮೆ, ಇದು ಚೆಂಚಲಿ" ಎನ್ನುತ್ತ ಹೋದಳು. ನಾನು ಬರೆದುಕೊಂಡೆ. ಇಷ್ಟು ದಿನ ನಾನು ಒಂದೇ ಎಂದು ಬರೆದಿದ್ದ ಎರಡು ಗಿಡಗಳು ಬೇರೆ ಬೇರೆ ಎಂದು ಅವಳಿಂದಲೇ ತಿಳಿಯಿತು.

ಹತ್ತೂ ಚೌಕ ಮುಗಿಸಿ ಅಧಿಕಾರಿ ಪಟ್ಟಿಗೆ ಸಹಿ ಹಾಕಿದರು.

"ಸ್ವಾಮಿ, ಕಸ ತಂದು ಸುರೀತೀರಾ?" ಎಂದು ಕೇಳಿದಳು.

"ಇಷ್ಟೆಲ್ಲ ಬೆಳೀತಿರೋ ಕಡೆ ಕಸ ಹಾಕಿ ಅಂತ ನಾನು ಬರೆಯಲ್ಲಮ್ಮ. ಮುದ್ದೆ ಆರೋಗುತ್ತೆ, ಬಡಿಸಿ."

ಅವಳು ಬಾವಿಕಟ್ಟೆಯ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ನಾಚಿಕೆಯಾಯಿತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು, ಕೈತೊಳೆದು ಬಂದು, ಸಾಹೇಬರನ್ನೂ ಬಿಟ್ಟು ಮೊದಲ ಸೌಟು ನನ್ನ ತಟ್ಟೆಗೇ ಸುರಿದಳು.

"ತಿನ್ನಿ ಮೇಡಂ. ಆವಾಗಿಂದ ಬೈದೂ ಬೈದೂ ಸುಸ್ತಾಗಿದ್ದೀರ."